ಗಾಜಿನ ಟೀಪಾಟ್: ಎಲೆ ಚಹಾ ಅರಳುವುದನ್ನು ಕಾಣಬೇಕಾದರೆ

ಊಟಿಗೆ ಹೋಗಿ ಬಂದವರ ಚೀಲದಲ್ಲಿ ನೀಲಗಿರಿ ಎಣ್ಣೆ, ವರ್ಕಿ, ಚಾಕೊಲೇಟುಗಳ ಜತೆಗೆ ಒಂದೆರಡು ಪೊಟ್ಟಣ ಎಲೆ ಚಹಾ ಇದ್ದೇ ಇರುತ್ತದೆ. ಗುಂಡ್ಲುಪೇಟೆ, ಬಂಡೀಪುರದ ಹಾದಿ ಹಿಡಿದು ಕೂನೂರಿನವರೆಗೆ ಹೋದವರಂತೂ ಕಾರ್ಖಾನೆಯ ಮಳಿಗೆಯಲ್ಲೇ ನಿಂತು, ಮೂಗಿಗೆ ಹಿಡಿದು ನೋಡಿ, ಸಾಕಷ್ಟು ಬೆಲೆ ತೆತ್ತು ತಂದಿರುತ್ತಾರೆ. ಮನೆಗೆ ಬಂದ ಮರುದಿನ ಬೆಳಿಗ್ಗೆ ಆ ಎಲೆಗೆ ಒದಗುವ ಗತಿ ಮಾತ್ರ ಹೆಚ್ಚಿನ ಮನೆಗಳಲ್ಲಿ ಒಂದೇ. ಹಾಲು, ನೀರು, ಸಕ್ಕರೆಯೊಡನೆ ಪಾತ್ರೆಗೆ ಬಿದ್ದು ಅದು ಕೊತಕೊತ ಕುದಿಯುತ್ತದೆ. ‘ಬಣ್ಣವೇ ಬಿಡುವುದಿಲ್ಲ, ಕಡಕ್ ಇಲ್ಲ’ ಎಂಬ ತೀರ್ಪು ಹೊರಬೀಳುತ್ತದೆ. ಪೊಟ್ಟಣ ಕಪಾಟಿನ ಹಿಂಬದಿಗೆ ಸರಿಯುತ್ತದೆ.

ತಪ್ಪು ಎಲೆಯದಲ್ಲ, ಮಾಡುವ ವಿಧಾನದ್ದು. ನಾವು ದಿನನಿತ್ಯ ಬಳಸುವ ಚಹಾ ಪುಡಿಯ ಬಹುಪಾಲು ಸಿಟಿಸಿ ಎಂಬ ಬಗೆಯದು. ಚಿಗುರನ್ನು ಹಲ್ಲುಗಳಿರುವ ಉರುಳೆಗಳ ನಡುವೆ ಜಜ್ಜಿ, ಹರಿದು, ಸುರುಟಿ ಕಾಳಿನಂತೆ ಮಾಡುವ ಈ ಯಂತ್ರವಿಧಾನ 1930ರ ದಶಕದ ಆರಂಭದಲ್ಲಿ ಅಸ್ಸಾಮಿನ ಅಮ್ಗೂರಿ ತೋಟದಲ್ಲಿ ಹುಟ್ಟಿತು. ಇದನ್ನು ರೂಪಿಸಿದವರು ವಿಲಿಯಂ ಮೆಕರ್ಚರ್. ಇದರಲ್ಲಿ ಎಲೆಯ ಜೀವಕೋಶಗಳು ಪೂರ್ತಿಯಾಗಿ ಒಡೆದಿರುವುದರಿಂದ ನೀರು ತಾಗಿದೊಡನೆ ಬಣ್ಣ, ಒಗರು ಎರಡೂ ಇಳಿದುಬಿಡುತ್ತವೆ. ಹಾಲಿನೊಡನೆ ಕುದಿಸುವುದಕ್ಕೆ ಅದೇ ಸರಿ. ಆರ್ಥಡಾಕ್ಸ್ ಎಂದು ಕರೆಯುವ ಎಲೆ ಚಹಾದಲ್ಲಾದರೋ ಚಿಗುರನ್ನು ಬಾಡಿಸಿ ಮೆಲ್ಲನೆ ಹೊಸೆದಿರುತ್ತಾರೆ. ಎಲೆ ಹೆಚ್ಚೂಕಡಿಮೆ ಇಡಿಯಾಗಿ ಉಳಿದಿರುತ್ತದೆ. ಅದಕ್ಕೆ ಬೇಕಾದುದು ಕುದಿತವಲ್ಲ, ಬಿಸಿನೀರಿನಲ್ಲಿ ಮೂರು ನಾಲ್ಕು ನಿಮಿಷದ ಬಿಡುವು ಮತ್ತು ಅರಳಲು ಜಾಗ. ಸಮಯ ಮುಗಿದೊಡನೆ ನೀರಿನಿಂದ ಎಲೆಯನ್ನು ಬೇರೆ ಮಾಡುವುದು ಇನ್ನೂ ಮುಖ್ಯ.

ಈ ಮೂರನ್ನೂ ಕಣ್ಣಿಗೆ ಕಾಣುವಂತೆ ಮಾಡಿಕೊಡುವುದೇ ಗಾಜಿನ ಟೀಪಾಟಿನ ಪ್ರಯೋಜನ. ರುಚಿಯಲ್ಲಿ ಗಾಜು ಪಿಂಗಾಣಿಗಿಂತ ಮೇಲು ಎಂದು ಹೇಳಿದರೆ ನಂಬಬೇಕಾಗಿಲ್ಲ. ಎರಡೂ ರುಚಿಗೆ ಏನನ್ನೂ ಸೇರಿಸುವುದಿಲ್ಲ, ಏನನ್ನೂ ಕಳೆಯುವುದಿಲ್ಲ. ಪಿಂಗಾಣಿಯಲ್ಲಿ ಒಳಗೇನು ನಡೆಯುತ್ತಿದೆ ಎಂಬುದು ಊಹೆಯ ಮಾತು. ಗಾಜಿನಲ್ಲಿ ಅದು ಕಣ್ಣೆದುರೇ ನಡೆಯುತ್ತದೆ. ಹೊಸದಾಗಿ ಎಲೆ ಚಹಾ ಕುಡಿಯಲು ಹೊರಟವರಿಗೆ ಇದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. ಆದರೆ ಕೊಳ್ಳುವಾಗ ಎಚ್ಚರ ತಪ್ಪಿದರೆ ಪಾಠ ದುಬಾರಿಯಾಗುತ್ತದೆ.

ಈ ಲೇಖಕನ ಮೊದಲ ಗಾಜಿನ ಪಾಟ್ ಬಾಳಿದ್ದು ಒಂಬತ್ತು ದಿನ. ಗೃಹೋಪಯೋಗಿ ವಸ್ತುಗಳ ಪ್ರದರ್ಶನವೊಂದರಲ್ಲಿ ಕೊಂಡದ್ದು. ಡಬ್ಬದ ಮೇಲೆ ‘ಶಾಖ ತಾಳುವ ಗಾಜು’ ಎಂದಷ್ಟೇ ಇತ್ತು. ಗೋಡೆ ದಪ್ಪನಾಗಿ ಗಟ್ಟಿಮುಟ್ಟಾಗಿ ಕಂಡದ್ದೇ ಕೊಳ್ಳಲು ಕಾರಣ. ಡಿಸೆಂಬರಿನ ಒಂದು ಮುಂಜಾನೆ, ಕಿಟಕಿಯ ಪಕ್ಕದ ಕಲ್ಲಿನ ಕಟ್ಟೆಯ ಮೇಲಿದ್ದ ಪಾಟಿಗೆ ಮರಳುವ ನೀರು ಸುರಿದಾಗ ‘ಟಕ್’ ಎಂಬ ಸಣ್ಣ ಸದ್ದು ಕೇಳಿತು. ಪಾಟ್ ಎತ್ತಿದರೆ ತಳ ಕಟ್ಟೆಯ ಮೇಲೆಯೇ ಉಳಿದಿತ್ತು, ಬಿಲ್ಲೆ ಕತ್ತರಿಸಿದಷ್ಟು ಅಚ್ಚುಕಟ್ಟಾಗಿ. ನೀರೆಲ್ಲ ಕಟ್ಟೆಯಿಂದ ಕೆಳಗಿಳಿಯಿತು. ಕಾಲು ಒಂದು ಹೆಜ್ಜೆ ಮುಂದಿದ್ದಿದ್ದರೆ ಈ ಲೇಖನದ ವಿಷಯ ಸುಟ್ಟಗಾಯದ ಚಿಕಿತ್ಸೆಯಾಗುತ್ತಿತ್ತು.

ಎಲ್ಲ ಗಾಜೂ ಒಂದೇ ಅಲ್ಲ

ಕಿಟಕಿ, ಬಾಟಲಿ, ನೀರಿನ ಲೋಟಗಳಿಗೆ ಬಳಸುವುದು ಸೋಡಾ ಮತ್ತು ಸುಣ್ಣ ಬೆರೆತ ಸಾಮಾನ್ಯ ಗಾಜು. ಬಿಸಿಯಾದಾಗ ಅದು ಗಣನೀಯವಾಗಿ ಹಿಗ್ಗುತ್ತದೆ. ಕುದಿನೀರು ಬಿದ್ದಾಗ ಒಳಮೈ ತಟ್ಟನೆ ಹಿಗ್ಗಲು ಹವಣಿಸುತ್ತದೆ. ತಣ್ಣಗಿರುವ ಹೊರಮೈ ಅದನ್ನು ಹಿಡಿದಿಡುತ್ತದೆ. ಈ ಎಳೆದಾಟದಲ್ಲಿ ಗಾಜು ಬಿರುಕು ಬಿಡುತ್ತದೆ. ಗೋಡೆ ದಪ್ಪವಾದಷ್ಟೂ ಶಾಖ ಒಳಗಿನಿಂದ ಹೊರಕ್ಕೆ ತಲುಪುವುದು ತಡ, ಎಳೆದಾಟವೂ ಹೆಚ್ಚು. ಆದ್ದರಿಂದ ದಪ್ಪ ಗಾಜು ಬಿಸಿಗೆ ಗಟ್ಟಿ ಎಂಬುದು ತಿರುಗುಮುರುಗಾದ ನಂಬಿಕೆ. ಮೇಲಿನ ಒಂಬತ್ತು ದಿನದ ಪಾಟ್ ಇದಕ್ಕೆ ಸಾಕ್ಷಿ.

ಬೊರೊಸಿಲಿಕೇಟ್ ಗಾಜಿನಲ್ಲಿ ಸುಣ್ಣದ ಬದಲಿಗೆ ಬೋರಾನಿನ ಆಕ್ಸೈಡ್ ಪ್ರಧಾನವಾಗಿ ಸೇರಿರುತ್ತದೆ. ಪ್ರಯೋಗಾಲಯದ ದರ್ಜೆಯ ಗಾಜಿನಲ್ಲಿ ಸುಮಾರು ಶೇ. 80 ಸಿಲಿಕಾ, ಶೇ. 12ರಿಂದ 13 ಬೋರಾನ್ ಆಕ್ಸೈಡ್ ಇರುತ್ತದೆ. ಒಂದು ಡಿಗ್ರಿ ಬಿಸಿಯೇರಿದಾಗ ಇದು ಹಿಗ್ಗುವ ಪ್ರಮಾಣ ಸಾಮಾನ್ಯ ಗಾಜಿನ ಮೂರನೇ ಒಂದು ಪಾಲಿನಷ್ಟು. ತಯಾರಕರು ‘3.3’ ಎಂದು ನಮೂದಿಸುವುದು ಈ ಹಿಗ್ಗುವಿಕೆಯ ಅಂಕಿಯನ್ನೇ. 19ನೇ ಶತಮಾನದ ಕೊನೆಯಲ್ಲಿ ಜರ್ಮನಿಯ ಯೇನಾ ಪಟ್ಟಣದಲ್ಲಿ ಓಟೊ ಶಾಟ್ ಎಂಬ ರಸಾಯನಶಾಸ್ತ್ರಜ್ಞ ಇಂಥ ಗಾಜನ್ನು ಸಿದ್ಧಪಡಿಸಿದ. ಉದ್ದೇಶ ಉಷ್ಣಮಾಪಕ, ಪ್ರಯೋಗಾಲಯದ ಉಪಕರಣಗಳು ಮತ್ತು ದೀಪದ ಚಿಮಣಿಗಳು; ಅಡುಗೆಮನೆಗೆ ಅದು ಬಂದದ್ದು ಆಮೇಲೆ. ಅಮೆರಿಕದಲ್ಲಿ 1915ರಲ್ಲಿ ಪೈರೆಕ್ಸ್ ಪಾತ್ರೆಗಳು ಮಾರುಕಟ್ಟೆಗೆ ಬಂದವು. ಯೇನಾದ ಅದೇ ಕಾರ್ಖಾನೆಗಾಗಿ ಬೌಹೌಸ್ ಶಾಲೆಯಲ್ಲಿ ಕಲಿತ ವಿಲ್ಹೆಲ್ಮ್ ವಾಗೆನ್‌ಫೆಲ್ಡ್ 1931ರಲ್ಲಿ ಗಾಜಿನ ಟೀಪಾಟ್ ಒಂದನ್ನು ವಿನ್ಯಾಸಗೊಳಿಸಿದ. ತೆಳು ಗೋಡೆ, ಅಗಲ ಹೊಟ್ಟೆ, ನಡುವೆ ಎಲೆಗಾಗಿ ಗಾಜಿನದೇ ಕೊಳವೆ. ಇಂದು ನಮ್ಮ ಮಳಿಗೆಗಳಲ್ಲಿ ಕಾಣುವ ಪಾಟುಗಳಲ್ಲಿ ಹೆಚ್ಚಿನವು ಆ ಮಾದರಿಯ ಮರಿಮಕ್ಕಳೇ.

ನಮ್ಮಲ್ಲಿ ‘ಬೊರೊಸಿಲ್’ ಎಂಬ ಹೆಸರು ಎಷ್ಟು ಬಳಕೆಯಾಗಿದೆಯೆಂದರೆ, ಅಂಗಡಿಯವರು ಯಾವ ಗಾಜನ್ನಾದರೂ ಹಾಗೆಯೇ ಕರೆದುಬಿಡುವುದುಂಟು. ಬಾಯಿಮಾತು ಬೇಡ. ಡಬ್ಬದ ಮೇಲೆ ‘ಬೊರೊಸಿಲಿಕೇಟ್’ ಎಂಬ ಪದ ಇದೆಯೇ, ಎಷ್ಟು ಡಿಗ್ರಿ ವ್ಯತ್ಯಾಸ ತಾಳುತ್ತದೆ ಎಂದು ಬರೆದಿದೆಯೇ ನೋಡಬೇಕು. ‘ಟಫನ್ಡ್’ ಅಥವಾ ‘ಟೆಂಪರ್ಡ್’ ಎಂದಿದ್ದರೆ ಅದು ಬೇರೆ ಜಾತಿ. ಸಾಮಾನ್ಯ ಗಾಜನ್ನೇ ಕಾಯಿಸಿ ತಟ್ಟನೆ ತಣಿಸಿ ಗಟ್ಟಿಗೊಳಿಸಿದ್ದು ಅದು. ಕೆಳಗೆ ಬಿದ್ದರೆ ತಾಳುವ ಗುಣ ಅದಕ್ಕೆ ಹೆಚ್ಚು, ಶಾಖದ ಏರಿಳಿತ ತಾಳುವ ಗುಣ ಬೊರೊಸಿಲಿಕೇಟಿಗೆ ಹೆಚ್ಚು. ಚಹಾಕ್ಕೆ ಬೇಕಾದುದು ಎರಡನೆಯದು. ಅಂಚನ್ನು ಬೆಳಕಿಗೆ ಹಿಡಿದಾಗ ಹಸಿರು ಛಾಯೆ ದಟ್ಟವಾಗಿ ಕಂಡರೆ ಸಾಮಾನ್ಯ ಗಾಜೆಂದು ಶಂಕಿಸಬಹುದು. ಇದು ಸುಳಿವು ಮಾತ್ರ, ಪರೀಕ್ಷೆಯಲ್ಲ.

ಒಂದು ಎಚ್ಚರಿಕೆ. ಬೊರೊಸಿಲಿಕೇಟ್ ಎಂದಮಾತ್ರಕ್ಕೆ ಒಲೆಯ ಮೇಲಿಡಲು ಪರವಾನಗಿ ಸಿಕ್ಕಿದಂತಲ್ಲ. ಗ್ಯಾಸಿನ ಉರಿ ತಳದ ಒಂದೇ ಭಾಗವನ್ನು ಕಾಯಿಸುತ್ತದೆ. ‘ಒಲೆಗೆ ಯೋಗ್ಯ’ ಎಂದು ತಯಾರಕರು ಬರೆಯದ ಪಾಟನ್ನು ಉರಿಯ ಮೇಲೆ ಇಡಲೇಬಾರದು. ಬರೆದಿದ್ದರೂ ಸಣ್ಣ ಉರಿ ಬೇಕು, ಒಳಗೆ ನೀರಿರಬೇಕು. ಇಂಡಕ್ಷನ್ ಒಲೆ ಗಾಜನ್ನು ಕಾಯಿಸುವುದೇ ಇಲ್ಲ. ಉಕ್ಕಿನ ಜಾಲರಿ ಇರುವ ಪಾಟನ್ನು ಮೈಕ್ರೋವೇವಿಗೆ ಇಡುವಂತಿಲ್ಲ. ನೀರನ್ನು ಬೇರೆ ಪಾತ್ರೆಯಲ್ಲಿ ಕಾಯಿಸಿ, ಪಾಟಿನಲ್ಲಿ ಎಲೆಯನ್ನು ನೆನೆಸುವುದಷ್ಟೇ ರೂಢಿಯಾದರೆ ಈ ತಲೆನೋವು ಒಂದೂ ಇಲ್ಲ.

ಜಾಲರಿ, ಮೂತಿ, ಮುಚ್ಚಳ

ಗಾಜಿನ ಬಳಿಕ ನೋಡಬೇಕಾದುದು ಎಲೆ ಹಾಕುವ ಜಾಲರಿಯನ್ನು. ಒಣಗಿದ ಎಲೆ ನೀರು ಕುಡಿದು ಮೂರು ನಾಲ್ಕು ಪಟ್ಟು ಹಿಗ್ಗುತ್ತದೆ. ಬೆರಳು ಗಾತ್ರದ ಇಕ್ಕಟ್ಟಾದ ಜಾಲರಿಯಲ್ಲಿ ಅದು ಮುದ್ದೆಗಟ್ಟುತ್ತದೆ. ನಡುವಿನ ಎಲೆಗೆ ನೀರೇ ತಾಗುವುದಿಲ್ಲ. ಪಾಟಿನ ಬಾಯಿಯಷ್ಟೇ ಅಗಲವಾಗಿ, ತಳದ ಸಮೀಪದವರೆಗೂ ಇಳಿಯುವ ಬುಟ್ಟಿ ಒಳ್ಳೆಯದು. ಅನೇಕ ಪಾಟುಗಳಲ್ಲಿ ಬುಟ್ಟಿ ಅರ್ಧದವರೆಗೆ ಮಾತ್ರ ಇಳಿದಿರುತ್ತದೆ. ಇಬ್ಬರಿಗೆಂದು ಅರ್ಧ ಪಾಟ್ ನೀರು ಹಾಕಿದರೆ ಎಲೆ ಒಣಗಿಯೇ ಕುಳಿತಿರುತ್ತದೆ. ಅಂಗಡಿಯಲ್ಲಿ ಇದನ್ನು ಗಮನಿಸುವವರು ಕಡಿಮೆ.

ಜಾಲರಿ ಉಕ್ಕಿನದೋ ಗಾಜಿನದೋ? ಗಾಜಿನ ಜಾಲರಿಯ ಸೀಳುಗಳು ಅಗಲ. ಇಡೀ ಎಲೆಗೆ ಸರಿ, ಪುಡಿಯಿದ್ದರೆ ಬಟ್ಟಲಿಗೆ ಇಳಿಯುತ್ತದೆ, ನೋಡಲು ಮಾತ್ರ ಬಹಳ ಚೆಂದ. ಉಕ್ಕಿನ ಸಣ್ಣ ಕಣ್ಣಿನ ಜಾಲರಿ ತುಂಡು ಎಲೆಯನ್ನೂ ತಡೆಯುತ್ತದೆ, ಬಿದ್ದರೆ ಒಡೆಯುವುದಿಲ್ಲ. ದಿನಬಳಕೆಗೆ ಉಕ್ಕಿನದೇ ವಾಸಿ. ಮೂತಿಯ ಬಾಯಲ್ಲಿ ಸುರುಳಿ ತಂತಿ ಸಿಕ್ಕಿಸಿ, ಎಲೆಯನ್ನು ಪಾಟಿನಲ್ಲಿ ಬಿಡಿಯಾಗಿ ತೇಲಬಿಡುವ ಮಾದರಿಯೂ ಇದೆ. ಎಲೆಗೆ ಅದಕ್ಕಿಂತ ವಿಶಾಲವಾದ ಜಾಗ ಬೇರಿಲ್ಲ. ಆದರೆ ಸಮಯವಾದೊಡನೆ ಇಡೀ ಚಹಾವನ್ನು ಬಗ್ಗಿಸಿಬಿಡಬೇಕು. ಉಳಿಸಿದರೆ ಎರಡನೆಯ ಬಟ್ಟಲು ಕಹಿ ಕಷಾಯ. ಒಬ್ಬರೇ ಕುಳಿತು ನಿಧಾನವಾಗಿ ಕುಡಿಯುವವರಿಗೆ ಎತ್ತಿ ತೆಗೆಯಬಹುದಾದ ಬುಟ್ಟಿಯೇ ಅನುಕೂಲ.

ಮೂತಿಯ ವಿಷಯಕ್ಕೆ ಬಂದರೆ ನಮ್ಮ ಹಳೆಯ ಗಿಂಡಿಯನ್ನು ನೆನೆಸಿಕೊಂಡರೆ ಸಾಕು. ಮೂತಿಯ ತುದಿ ಪಾಟಿನ ಬಾಯಿಗಿಂತ ಕೆಳಗಿದ್ದರೆ ಪಾಟ್ ಪೂರ್ತಿ ತುಂಬುವ ಮೊದಲೇ ಅಲ್ಲಿಂದ ನೀರು ಹೊರಚೆಲ್ಲುತ್ತದೆ. ಬಗ್ಗಿಸುವಾಗ ಚಹಾ ಮೂತಿಯ ಕೆಳಮೈಗೆ ಅಂಟಿಕೊಂಡು ಮೇಜಿನ ಮೇಲೆ ತೊಟ್ಟಿಕ್ಕುವ ತೊಂದರೆ ಎಲ್ಲ ಮನೆಗಳಲ್ಲೂ ಇದೆ. ಭೌತವಿಜ್ಞಾನಿಗಳು ಇದನ್ನು ‘ಟೀಪಾಟ್ ಪರಿಣಾಮ’ ಎಂದೇ ಕರೆದು 1950ರ ದಶಕದಿಂದ ತಲೆಕೆಡಿಸಿಕೊಂಡಿದ್ದಾರೆ. ತೊಟ್ಟಿಕ್ಕದ ಮೂತಿಯ ಲೆಕ್ಕ ಹಾಕಿದ ಜೋಸೆಫ್ ಕೆಲ್ಲರ್ ಮತ್ತು ಜೀನ್ ಮಾರ್ಕ್ ವಾಂಡೆನ್‌ಬ್ರೂಕ್ ಅವರಿಗೆ 1999ರಲ್ಲಿ ನಗೆಯೊಡನೆ ಚಿಂತನೆಗೂ ಹಚ್ಚುವ ಇಗ್ ನೊಬೆಲ್ ಬಹುಮಾನ ಸಂದಿತು. ಅದೇ ವರ್ಷ ಸಾಹಿತ್ಯದ ಇಗ್ ನೊಬೆಲ್ ಪಡೆದದ್ದು ಚಹಾ ಮಾಡುವುದು ಹೇಗೆಂದು ಆರು ಪುಟದ ಮಾನಕ ಬರೆದ ಬ್ರಿಟಿಷ್ ಮಾನಕ ಸಂಸ್ಥೆ. ಕೊಳ್ಳುವವರಿಗೆ ಇದರಿಂದ ದಕ್ಕುವ ಸಾರ ಇಷ್ಟೇ: ಮೂತಿಯ ತುಟಿ ಉರುಟಾಗಿ ದಪ್ಪಗಿರಬಾರದು, ತೆಳುವಾಗಿ ಚೂಪಾಗಿ ಮುಂದಕ್ಕೆ ಚಾಚಿರಬೇಕು, ಬಗ್ಗಿಸುವಾಗ ಅಳುಕಬಾರದು, ಧಾರೆ ಜೋರಾಗಿಯೇ ಬೀಳಬೇಕು.

ಮುಚ್ಚಳದಲ್ಲಿ ಗಾಳಿಯಾಡಲು ಸಣ್ಣ ತೂತೋ ಸಂದೋ ಇರಬೇಕು. ಇಲ್ಲವಾದರೆ ಚಹಾ ಗುಳುಗುಳು ಎಂದು ತಡೆತಡೆದು ಬೀಳುತ್ತದೆ. ಪಾಟ್ ವಾಲಿಸಿದಾಗ ಮುಚ್ಚಳ ಜಾರಬಾರದು. ಹಿಡಿಕೆಯ ಒಳಗೆ ಮೂರು ಬೆರಳು ಗಾಜಿನ ಮೈಗೆ ತಾಗದಂತೆ ಹಿಡಿಸಬೇಕು. ಗಾಜಿನ ಹೊರಮೈ ಕೈ ಸುಡುವಷ್ಟು ಬಿಸಿಯಾಗುತ್ತದೆ ಎಂಬುದು ಖಾಲಿ ಪಾಟನ್ನು ಅಂಗಡಿಯಲ್ಲಿ ಹಿಡಿದು ನೋಡುವಾಗ ನೆನಪಿಗೆ ಬರುವುದಿಲ್ಲ. ಗಾತ್ರದಲ್ಲಿ ಆಸೆ ಬೇಡ. ಇಬ್ಬರಿಗೆ 400 ಮಿಲಿಲೀಟರ್, ನಾಲ್ವರಿಗೆ 800. ನೆಂಟರು ಬಂದಾಗ ಬೇಕಾದೀತೆಂದು ದೊಡ್ಡದನ್ನು ಕೊಂಡರೆ ದಿನವೂ ಅದರ ತಳದಲ್ಲಿ ಎರಡಂಗುಲ ಚಹಾ ಆರುತ್ತಿರುತ್ತದೆ.

ನೀರು, ಎಲೆ, ಗಡಿಯಾರ

ಬಳಸುವಾಗಿನ ಮೊದಲ ಕೆಲಸ ಪಾಟನ್ನು ಬೆಚ್ಚಗಾಗಿಸುವುದು. ನಲ್ಲಿಯ ಬಿಸಿನೀರೋ ಹದ ಬಿಸಿನೀರೋ ಸ್ವಲ್ಪ ಹಾಕಿ ಒಂದು ಸುತ್ತು ಆಡಿಸಿ ಚೆಲ್ಲಬೇಕು. ಗಾಜಿಗೆ ಆಘಾತ ತಪ್ಪುತ್ತದೆ, ಚಹಾದ ಬಿಸಿಯೂ ಉಳಿಯುತ್ತದೆ. ಫ್ರಿಜ್ಜಿನಿಂದ ತೆಗೆದ ಪಾಟಿಗೆ ಕುದಿನೀರು, ಬಿಸಿ ಪಾಟಿಗೆ ತಣ್ಣೀರು ಎರಡೂ ಸಲ್ಲದು. ತಣ್ಣನೆಯ ಗ್ರಾನೈಟ್ ಕಟ್ಟೆಯ ಮೇಲೆ ನೇರ ಇಡದೆ ಕೆಳಗೆ ಮರದ ಹಲಗೆ ಅಥವಾ ಮಡಿಚಿದ ಬಟ್ಟೆ ಹಾಕುವುದು ಲೇಸು.

ಎಲೆ ಎಷ್ಟು? ರುಚಿ ಪರೀಕ್ಷಕರಿಗಾಗಿ ಇರುವ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 3103 ಪ್ರಕಾರ 100 ಮಿಲಿಲೀಟರ್ ನೀರಿಗೆ 2 ಗ್ರಾಂ ಎಲೆ, ನೆನೆಯುವ ಅವಧಿ 6 ನಿಮಿಷ. ಅದು ಚಹಾದ ದೋಷಗಳೆಲ್ಲ ಎದ್ದು ಕಾಣಲೆಂದು ಮಾಡಿದ ನಿಯಮ, ಸುಖವಾಗಿ ಕುಡಿಯಲೆಂದಲ್ಲ. ಮನೆಯಲ್ಲಿ ಅದರ ಅರ್ಧಕ್ಕಿಂತ ತುಸು ಹೆಚ್ಚು ಸಾಕು: 400 ಮಿಲಿಲೀಟರಿಗೆ 5 ಗ್ರಾಂ, ಅವಧಿ 3ರಿಂದ 4 ನಿಮಿಷ. ಚಮಚದ ಲೆಕ್ಕ ಮೋಸಗೊಳಿಸುತ್ತದೆ. ಬಿಗಿಯಾಗಿ ಹೊಸೆದ ನೀಲಗಿರಿ ಎಲೆ ಒಂದು ಚಮಚ ತೂಗುವಷ್ಟು, ಉಬ್ಬಿದ ಬಿಳಿ ಚಹಾ ಎರಡು ಮೂರು ಚಮಚ ಹಾಕಿದರೂ ತೂಗದು.

ನೀರಿನ ಬಿಸಿಯ ಬಗ್ಗೆ ಪೊಟ್ಟಣದ ಮೇಲಿನ ಸೂಚನೆಗಳನ್ನು ಓದಿ ಗಾಬರಿಯಾಗಬೇಕಿಲ್ಲ. ಕಪ್ಪು ಚಹಾಕ್ಕೆ ಆಗಷ್ಟೇ ಕುದಿದ ನೀರು ನಡೆಯುತ್ತದೆ. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಿ ನೀರು ಕುದಿಯುವುದೇ ಸುಮಾರು 97 ಡಿಗ್ರಿಗೆ. 1,800 ಮೀಟರಿನಷ್ಟು ಎತ್ತರದ ಕೂನೂರಿನಲ್ಲಿ 94ರ ಆಸುಪಾಸು. ಅಲ್ಲಿ ಹಿತವೆನಿಸಿದ ಚಹಾ ಮಂಗಳೂರಿನಲ್ಲಿ ತುಸು ಒಗರಾಗಿ ತೋರಿದರೆ ಇದೂ ಒಂದು ಕಾರಣವಿರಬಹುದು. ಕುದಿ ಇಳಿದು ಒಂದು ನಿಮಿಷ ಬಿಟ್ಟು ಸುರಿದು ನೋಡಬಹುದು. ಡಾರ್ಜಿಲಿಂಗಿನ ಮಾರ್ಚ್, ಏಪ್ರಿಲ್ ತಿಂಗಳ ಮೊದಲ ಕೊಯ್ಲಿನ ಎಲೆಗೂ ಹೀಗೆ ತುಸು ತಣಿದ ನೀರೇ ಹಿತ. ಹಸಿರು ಚಹಾಕ್ಕೆ 75ರಿಂದ 80 ಡಿಗ್ರಿ ಸಾಕು. ಉಷ್ಣಮಾಪಕ ಇಲ್ಲದವರು ಕುದಿದ ನೀರನ್ನು ಒಂದು ಸ್ಟೀಲ್ ಪಾತ್ರೆಯಿಂದ ಇನ್ನೊಂದಕ್ಕೆ ಎರಡು ಸಲ ಸುರಿದರೆ ಆ ಹದಕ್ಕೆ ಹತ್ತಿರ ಬರುತ್ತದೆ. ಹಸಿರು ಚಹಾ ಕಹಿ ಎಂದು ಮುಖ ಸಿಂಡರಿಸುವವರಲ್ಲಿ ಹೆಚ್ಚಿನವರು ಅದನ್ನು ಕುದಿನೀರಿನಲ್ಲಿ ಬೇಯಿಸಿದವರು.

ಇನ್ನು ನೋಡುವ ಕೆಲಸ. ಮೊದಲಿಗೆ ಎಲೆ ಮೇಲೆ ತೇಲುತ್ತದೆ. ನೀರು ಕುಡಿದಂತೆ ಒಂದೊಂದಾಗಿ ಕೆಳಗಿಳಿಯುತ್ತದೆ. ಬುಟ್ಟಿಯ ತಳದಿಂದ ಕಂದು ಎಳೆಗಳು ಹೊಗೆಯಂತೆ ಜಾರುತ್ತವೆ. ಬಣ್ಣ ಬೆರೆತ ನೀರು ಕೆಳಕ್ಕೆ, ತಿಳಿನೀರು ಮೇಲಕ್ಕೆ. ಎರಡು ನಿಮಿಷದ ಹೊತ್ತಿಗೆ ಸುರುಳಿ ಬಿಚ್ಚಿ ಎಲೆಯ ಅಂಚು, ನರ, ಕುಡಿ ಕಾಣಿಸುತ್ತವೆ. ಕೊಟ್ಟ ಹಣಕ್ಕೆ ಲೆಕ್ಕ ಸಿಗುವುದು ಈ ಕ್ಷಣದಲ್ಲಿ. ‘ಎರಡು ಎಲೆ, ಒಂದು ಕುಡಿ’ ಎಂದು ಪೊಟ್ಟಣದ ಮೇಲೆ ಚಿತ್ರ ಬರೆದು ಒಳಗೆ ಕಡ್ಡಿ, ಚೂರು, ಹುಡಿ ತುಂಬಿದ್ದರೆ ಗಾಜು ಅದನ್ನು ಮುಚ್ಚಿಡುವುದಿಲ್ಲ. ನೀರು ತಾಗಿದ ಕೂಡಲೇ ಕಡುಗೆಂಪು ಬಣ್ಣ ನುಗ್ಗಿ ಬಂದರೆ ಎಲೆಗೆ ಬಣ್ಣ ಬೆರೆಸಿರಬಹುದೇ ಎಂದು ಅನುಮಾನಿಸಬೇಕು. ಸೋಸು ಕಾಗದದ ಮೇಲೆ ಒಣ ಎಲೆ ಹರಡಿ, ನೀರು ಚಿಮುಕಿಸಿ, ಬಳಿಕ ಕಾಗದವನ್ನು ತೊಳೆದು ಬೆಳಕಿಗೆ ಹಿಡಿದು ನೋಡುವುದು ಆಹಾರ ಸುರಕ್ಷತಾ ಪ್ರಾಧಿಕಾರ ಹೇಳುವ ಮನೆಪರೀಕ್ಷೆ; ಕಲೆ ಉಳಿದರೆ ಬೆರಕೆಯ ಗುಮಾನಿ.

ಆದರೆ ಬಣ್ಣವೊಂದನ್ನೇ ನೆಚ್ಚುವುದೂ ತಪ್ಪು. ಅಗಲ ಹೊಟ್ಟೆಯ ಪಾಟಿನಲ್ಲಿ ಬೆಳಕು ಹಾದುಬರುವ ಚಹಾದ ದಪ್ಪ ಹೆಚ್ಚು. ಆದ್ದರಿಂದ ಅಲ್ಲಿ ಗಾಢವಾಗಿ ಕಂಡದ್ದು ಬಟ್ಟಲಿಗೆ ಬಿದ್ದಾಗ ತೆಳುವಾಗಿರುತ್ತದೆ. ಹಸಿರು ಮತ್ತು ಬಿಳಿ ಚಹಾಗಳು ಎಷ್ಟು ನೆನೆದರೂ ಹೆಚ್ಚು ಬಣ್ಣ ಕಟ್ಟುವುದಿಲ್ಲ. ಬಣ್ಣ ಬರಲೆಂದು ಕಾದರೆ ಕಹಿಯೇ ಬರುತ್ತದೆ. ಕಣ್ಣಿನ ಜತೆಗೆ ಗಡಿಯಾರ ಇರಬೇಕು, ಕೊನೆಯ ಮಾತು ನಾಲಗೆಯದು. ಮೂರು ನಿಮಿಷಕ್ಕೆ ಒಂದು ಚಮಚ ರುಚಿ ನೋಡಿ, ಸಾಕೆನಿಸಿದೊಡನೆ ಬುಟ್ಟಿಯನ್ನು ಎತ್ತಿ ಬೇರೆ ತಟ್ಟೆಗೆ ಇಡಬೇಕು. ನಮ್ಮಲ್ಲಿ ಗಾಜಿನ ಪಾಟ್ ಕೊಂಡವರು ಮಾಡುವ ದೊಡ್ಡ ತಪ್ಪೆಂದರೆ ಇದೊಂದನ್ನು ಮರೆಯುವುದು. ಚೆಂದ ಕಾಣುತ್ತದೆಂದು ಎಲೆಯನ್ನು ಒಳಗೇ ಬಿಟ್ಟು, ಕೆಳಗೆ ಮೇಣದ ದೀಪ ಹಚ್ಚಿ, ಮಾತಿಗೆ ಕುಳಿತರೆ ಅರ್ಧ ಗಂಟೆಯ ಬಳಿಕ ಬಟ್ಟಲಿಗೆ ಬೀಳುವುದು ಟ್ಯಾನಿನ್ನಿನ ಒಗರು. ದೀಪ ಹಚ್ಚುವುದಾದರೆ ಎಲೆ ತೆಗೆದ ಮೇಲೆ.

ಹಾಲು ಬೆರೆಸಲೇಬೇಕೆನ್ನುವವರೊಡನೆ ಜಗಳವಿಲ್ಲ. ಅವರಿಗೆ ಸಿಟಿಸಿ ಪುಡಿ, ಸ್ಟೀಲ್ ಪಾತ್ರೆ, ಶುಂಠಿ ಇವೆ; ಗಾಜಿನ ಪಾಟಿಗೆ ಹಣ ಹಾಕುವ ಅಗತ್ಯವೇ ಇಲ್ಲ. ಸಣ್ಣ ಪುಡಿ ಜಾಲರಿಯ ಕಣ್ಣನ್ನು ಕಟ್ಟಿಸಿಬಿಡುತ್ತದೆ. ಕಾಫಿಯ ನಾಡೆನಿಸಿದ ಚಿಕ್ಕಮಗಳೂರಿನಲ್ಲೂ ಕೆಳಗೂರಿನಂಥ ಚಹಾ ತೋಟವಿದೆ. ಹಾಲಿಲ್ಲದೆ ಕುಡಿಯುವ ಅಭ್ಯಾಸವನ್ನು ದೂರದ ಡಾರ್ಜಿಲಿಂಗಿನಿಂದಲೇ ಶುರು ಮಾಡಬೇಕೆಂದಿಲ್ಲ.

ಕೊಳವೆಬಾವಿಯ ಕೆನೆ

ಗಾಜಿನ ಪಾಟ್ ತಂದ ಮೇಲೆ ನಗರದ ಅನೇಕರಿಗೆ ಮೊದಲು ಕಣ್ಣಿಗೆ ಬೀಳುವುದು ಚಹಾದ ಮೇಲೆ ತೇಲುವ ಎಣ್ಣೆಯಂಥ ಪೊರೆ. ಎಲೆಯಲ್ಲಿ ಏನೋ ಬೆರಕೆ ಎಂದು ಅಂಗಡಿಗೆ ದೂರು ಒಯ್ಯುವವರೂ ಇದ್ದಾರೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಮೈಕೇಲ್ ಸ್ಪಿರೊ ಮತ್ತು ಡಿಯೊಗ್ರೇಷಿಯಸ್ ಜಗನ್ಯಿ 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದರ ಗುಟ್ಟನ್ನು ವಿವರಿಸಿದ್ದರು. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟುಗಳ ನೆರವಿನಿಂದ ಚಹಾದ ಅಂಶಗಳು ಗಾಳಿಯ ಆಮ್ಲಜನಕದೊಡನೆ ಸೇರಿ ಈ ಪೊರೆ ಕಟ್ಟುತ್ತದೆ. ಕೊಳವೆಬಾವಿಯ ನೀರು ಕುಡಿಯುವ ಬಡಾವಣೆಗಳಲ್ಲಿ ಇದು ಕಾಣುವುದು ಸಹಜ. ಶುದ್ಧೀಕರಿಸಿದ ಮೃದು ನೀರು ಬಳಸಿದರೆ ಪೊರೆ ಮಾಯ. ನಾಲ್ಕು ಹನಿ ನಿಂಬೆರಸವೂ ಅದನ್ನು ಕರಗಿಸುತ್ತದೆ, ಜತೆಗೆ ಬಣ್ಣವನ್ನೂ ತಿಳಿಯಾಗಿಸುತ್ತದೆ. ಕಡುವಾದ ಚಹಾ ಪೂರ್ತಿ ಆರಿದಾಗ ಮಸುಕಾಗುವುದು ಬೇರೆ ಸಂಗತಿ. ಕೆಫೀನ್ ಮತ್ತು ಚಹಾದ ಪಾಲಿಫಿನಾಲುಗಳು ತಣ್ಣಗಾದಾಗ ಒಂದಕ್ಕೊಂದು ಅಂಟಿಕೊಂಡು ಹೀಗಾಗುತ್ತದೆ; ಅದು ದೋಷವಲ್ಲ.

ಅದೇ ಗಡಸು ನೀರು ಗಾಜಿನ ಒಳಮೈಗೆ ಬಿಳಿ ಪದರ ಹಚ್ಚುತ್ತದೆ. ಬಿಸಿನೀರಿಗೆ ಒಂದೆರಡು ಚಮಚ ವಿನೆಗರ್ ಅಥವಾ ನಿಂಬೆ ಉಪ್ಪು ಹಾಕಿ ಅರ್ಧ ಗಂಟೆ ಬಿಟ್ಟರೆ ಅದು ಕರಗುತ್ತದೆ. ಕಂದು ಕಲೆಗೆ ಅಡುಗೆ ಸೋಡಾ ಮತ್ತು ಮೆತ್ತನೆಯ ಬಟ್ಟೆ. ಉಕ್ಕಿನ ಉಜ್ಜುವ ನಾರು, ಮರಳು, ಒರಟು ಪುಡಿ ಯಾವುದೂ ಬೇಡ. ಅವು ಎಳೆಯುವ ಕಣ್ಣಿಗೆ ಕಾಣದ ಗೀರುಗಳಿಂದಲೇ ಬಿರುಕು ಹುಟ್ಟುವುದು. ಗೀರು ಬಿದ್ದ, ಅಂಚು ಚಕ್ಕೆ ಎದ್ದ ಪಾಟಿಗೆ ಕುದಿನೀರು ಹಾಕುವುದನ್ನು ನಿಲ್ಲಿಸಿ, ಹೂದಾನಿಯಾಗಿ ಬಳಸಬಹುದು. ಎಲೆಯನ್ನು ಮಾತ್ರ ಗಾಜಿನ ಭರಣಿಯಲ್ಲಿಟ್ಟು ಕಿಟಕಿಯ ಬಳಿ ಅಲಂಕರಿಸಬಾರದು. ಬೆಳಕು ಅದರ ಪರಿಮಳವನ್ನು ಕೊಲ್ಲುತ್ತದೆ. ಅದಕ್ಕೆ ಬಿಗಿ ಮುಚ್ಚಳದ ತಗಡಿನ ಡಬ್ಬವೇ ಸರಿ.

ಕೊಳ್ಳುವ ಮುನ್ನ ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ, ಮುಚ್ಚಳ ಮತ್ತು ಜಾಲರಿ ಬಿಡಿಯಾಗಿ ಸಿಗುತ್ತವೆಯೇ ಎಂಬುದು. ಗಾಜಿನ ಪಾಟಿನಲ್ಲಿ ಮೊದಲು ಒಡೆಯುವುದು ಹೊಟ್ಟೆಯಲ್ಲ, ತೊಳೆಯುವ ತೊಟ್ಟಿಯಲ್ಲಿ ಕೈಜಾರುವ ಮುಚ್ಚಳ. ಈ ಲೇಖಕನ ಎರಡನೆಯ ಪಾಟ್ ತೆಳು ಗೋಡೆಯದು, ಬೊರೊಸಿಲಿಕೇಟ್ ಎಂದು ಸ್ಪಷ್ಟವಾಗಿ ಬರೆದದ್ದು. ನಾಲ್ಕನೇ ವರ್ಷವೂ ಚೆನ್ನಾಗಿಯೇ ಇದೆ. ಅದರ ಮುಚ್ಚಳ ಎರಡನೇ ತಿಂಗಳಿಗೇ ಹೋಯಿತು. ಬಿಡಿಭಾಗ ಸಿಗದೆ, ಅಂದಿನಿಂದ ಅದರ ಬಾಯಿಗೆ ಸರಿಯಾಗಿ ಕೂರುವ ಸ್ಟೀಲ್ ಬಟ್ಟಲೊಂದು ಆ ಕೆಲಸ ಮಾಡುತ್ತಿದೆ.